ಸೀಮಂತದಲ್ಲಿ ಬಂದ ಚಳಿ

ಆ ಮಧ್ಯಾಹ್ನ ವಡೋದರಾದ ಮಂಜಲ್‌ಪುರದ ನಮ್ಮ ಫ್ಲ್ಯಾಟಿನಲ್ಲಿ ಹದಿನಾಲ್ಕು ಮಂದಿ ಇದ್ದೆವು. ಗಂಡಸು ನಾನೊಬ್ಬನೇ. ಹೆಂಡತಿಯ ಚೊಚ್ಚಲ ಬಸಿರು, ಏಳನೇ ತಿಂಗಳ ಸೀಮಂತ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಎರಡೂ ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿದ್ದರು. ಬಳೆಯ ಸದ್ದು ಹೊಟ್ಟೆಯೊಳಗಿನ ಮಗುವಿಗೆ ಕೇಳಬೇಕೆಂಬುದು ನಮ್ಮಲ್ಲಿನ ನಂಬಿಕೆ.

ಸದ್ದು ಕೇಳಿತು. ಅವಳು ಕೈ ಎತ್ತಿರಲಿಲ್ಲ; ಬಳೆಗಳು ತಾವಾಗಿಯೇ ಘಲಘಲ ಎನ್ನುತ್ತಿದ್ದವು. ಪಕ್ಕದ ಮನೆಯಾಕೆ ಮೆಚ್ಚಿ, ತಾಯಿ ಈಗಲೇ ಮಗುವನ್ನು ಆಡಿಸುತ್ತಿದ್ದಾಳೆ ಎಂದು ವಿಡಿಯೊ ತೆಗೆದರು. ನಾನು ಹತ್ತಿರ ಹೋಗಿ ನೋಡಿದೆ. ಅವಳ ಹಲ್ಲುಗಳೂ ಕಟಕಟ ಎನ್ನುತ್ತಿದ್ದವು. ಉಳಿದ ಹದಿಮೂರು ಮಂದಿ ಬೆವರುತ್ತಿದ್ದೆವು.

ಮಲೇರಿಯಾ ಇರಬಹುದೆಂದು ಮಂಗಳೂರಿನಿಂದ ಬಂದಿದ್ದ ಅತ್ತೆಗೆ ಹೇಳಿದೆ.

"ಸಾಧ್ಯವೇ ಇಲ್ಲ ಮಾರಾಯ್ರೆ. ಕಾಲೇಜಿಗೆ ಹೋಗುವಾಗ್ಲೇ ಎರಡು ಸಲ ಬಂದು ಹೋಗಿದೆ ಅವಳಿಗೆ. ನಮ್ಮೂರಿನ ಸೊಳ್ಳೆಗೇ ಜಗ್ಗದವಳು, ಇಲ್ಲಿಯದು ಕಚ್ಚಿ ಎಂತ ಆಗ್ತದೆ?"

ಪಾಸಾದ ಪರೀಕ್ಷೆಯನ್ನು ಮತ್ತೆ ಯಾಕೆ ಬರೆಯಬೇಕು ಎಂಬಂತಿತ್ತು ಅವರ ಧಾಟಿ. ಆರತಿಯಾಗದೆ ಏಳಬಾರದೆಂದೂ ಸೇರಿಸಿದರು. ಆರತಿ ಹಾಡಿಗೆ ಐದು ನುಡಿ. ಎರಡನೆಯದರಲ್ಲಿ ನಾನು ಥರ್ಮಾಮೀಟರ್ ಇಟ್ಟೆ. ಮೂರನೆಯದರಲ್ಲಿ ಅದು ನೂರಾಮೂರು ತೋರಿಸಿತು. ನಾಲ್ಕನೆಯದರಲ್ಲಿ ಆಟೋ ಕರೆದೆ. ಐದನೆಯದನ್ನು ಅತ್ತೆ ಆಟೋದೊಳಗೆ ಹಾಡಿ ಮುಗಿಸಿದರು.

ರಕ್ತಪರೀಕ್ಷೆಯಲ್ಲಿ ಮಲೇರಿಯಾವೇ ಬಂತು, ಅದೂ ಕೆಟ್ಟ ಜಾತಿಯದು. ಡಾಕ್ಟರಮ್ಮ ಹಿಂದಿಯಲ್ಲಿ ವಿವರಿಸಿದ್ದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಹಿಂದೆ ಗಳಿಸಿದ ಶಕ್ತಿ ವರ್ಷ ಕಳೆದಂತೆ ಕರಗುತ್ತದೆ. ಸಾಲದ್ದಕ್ಕೆ, ಬಸಿರಿನಲ್ಲಿ ಮಗುವಿಗೆ ಆಹಾರ ಒದಗಿಸುವ ಮಾಸು ಎಂಬ ಹೊಸ ಮನೆ ಹುಟ್ಟುತ್ತದೆ; ರೋಗಾಣು ಅಲ್ಲಿ ಅಡಗಿ ಮಗುವಿನ ಆಹಾರಕ್ಕೆ ಅಡ್ಡ ನಿಲ್ಲುತ್ತದೆ. ಚೊಚ್ಚಲ ಬಸಿರಿನಲ್ಲಿ ಆ ಮನೆ ಕಾಯುವುದು ಮೈಗೆ ಗೊತ್ತಿರುವುದಿಲ್ಲ. ಮಲೇರಿಯಾ ಸದಾ ಇರುವ ಸೀಮೆಗಳಲ್ಲಿ ಒಂದೆರಡು ಬಸಿರಾದ ಮೇಲೆ ಹೆಂಗಸರಿಗೆ ಆ ಕಾವಲು ಕೂಡಿಬರುತ್ತದೆ.

"ಹಾಗಾದ್ರೆ ಎರಡನೇದಕ್ಕೆ ತೊಂದರೆ ಇಲ್ವಾ, ಕೇಳಿ," ಎಂದರು ಅತ್ತೆ.

ಕೇಳಿದೆ. ಇಲ್ಲಿ ಅಂಥ ಕಾವಲನ್ನು ನಂಬಿ ಕೂರುವಂತಿಲ್ಲ, ಪ್ರತಿ ಬಸಿರಿಗೂ ಸೊಳ್ಳೆಪರದೆ ಬೇಕು ಎಂದರು ಡಾಕ್ಟರಮ್ಮ.

ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಹೆಂಡತಿ ಕಣ್ಣು ತೆರೆಯದೆ ಹೇಳಿದಳು: "ಅಮ್ಮ, ಮೊದ್ಲು ಇದನ್ನು ಹೊರಗೆ ಬರ್ಲಿಕ್ಕೆ ಬಿಡು."

ನಾನು ನಕ್ಕೆ. ನಗುತ್ತಲೇ ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಹಾಕಿದ ಸಹಿ ನನ್ನದೆಂದು ಯಾವ ಬ್ಯಾಂಕೂ ಒಪ್ಪುತ್ತಿರಲಿಲ್ಲ. ನರ್ಸು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಮಗುವಿನ ಎದೆಬಡಿತ ಹುಡುಕುತ್ತಿದ್ದಳು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ; ಹನ್ನೊಂದು ಸೆಕೆಂಡು ಏನೂ ಕೇಳಲಿಲ್ಲ. ಆಮೇಲೆ ಕೇಳಿತು.

ಔಷಧಿಗೆ ಜ್ವರ ಬಿಟ್ಟಿತು; ಎರಡು ತಿಂಗಳ ಮೇಲೆ ಮಗಳು ದಿನ ತುಂಬಿಯೇ ಹುಟ್ಟಿದಳು. ಎರಡು ಕಿಲೋ ಮುನ್ನೂರು ಗ್ರಾಂ; ಕನಿಷ್ಠ ಇರಬೇಕಾದ ಎರಡೂವರೆಗೆ ಇನ್ನೂರು ಗ್ರಾಂ ಕಮ್ಮಿ. ನಾನು ತೂಕವನ್ನು ಮೂರು ಸಲ ಓದಿದೆ.

"ಉಳಿದದ್ದನ್ನು ನಾವು ತುಂಬಿಸುವ," ಎಂದು ಅತ್ತೆ ಅವಳನ್ನು ಎತ್ತಿಕೊಂಡರು.