ಬಾಚಿದ ತಲೆಗೆ ಅಂಕವಿಲ್ಲ

ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಏಳೂವರೆಯಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಮೂರನೇ ಮಹಡಿಯ ಬಾಗಿಲು ತಟ್ಟುವವಳು. ಒಳಗಿದ್ದ ಟೈಲರ್ ಅಜ್ಜಿಗೆ ಎಂಬತ್ತಾರು. ಕೈ ನಡುಕ, ಕಾಲಲ್ಲಿ ಬಲವಿಲ್ಲ. ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ತಿನ್ನಿಸಲು ಸರ್ಕಾರ ದಿನಕ್ಕೆ ಎರಡು ಗಂಟೆ ಅಕ್ಕನನ್ನು ಕಳಿಸುತ್ತಿತ್ತು. ಆ ಎರಡು ಗಂಟೆಯ ನೆರವಿನಿಂದಲೇ ಅಜ್ಜಿ ತನ್ನ ಮನೆಯಲ್ಲಿ, ತನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿದ್ದಳು.

ಹೊಸ ನೀತಿ ಬಂತು. ಕೈಲಾಗದ ಕೆಲಸಕ್ಕೆಲ್ಲ ಅಂಕ. ಅಂಕ ಕಡಿಮೆಯಾದರೆ ಎರಡು ಗಂಟೆಯೂ ಇಲ್ಲ, ಊರಾಚೆಯ ವೃದ್ಧಾಶ್ರಮವೇ ಗತಿ. ಅಲ್ಲ, ಇದನ್ನು ಬರೆದವರು ಯಾರಾದರೂ ಒಬ್ಬ ಮುದುಕಿಯ ಬೆನ್ನು ಉಜ್ಜಿದ್ದಾರೆಯೇ?

ಅಕ್ಕ ಎಡವಿದ್ದು ತನ್ನ ಕಸುಬಿನಿಂದಲೇ. ಅಂಕ ಹಾಕುವವನು ಬರುವ ದಿನ ಆರಕ್ಕೇ ಬಂದು ಅಜ್ಜಿಗೆ ಸ್ನಾನ ಮಾಡಿಸಿ, ಜಡೆ ಹಾಕಿ, ಇಸ್ತ್ರಿ ಬಟ್ಟೆ ತೊಡಿಸಿ ಕೂರಿಸಿದಳು. ಅಜ್ಜಿಯೋ, "ನನಗೇನಾಗಿದೆ? ಗಟ್ಟಿಮುಟ್ಟಾಗಿದೀನಿ," ಎಂದು ಬೀಗಿದಳು. ಅವನು ಐದೇ ನಿಮಿಷದಲ್ಲಿ "ಸ್ವಚ್ಛವಾಗಿದ್ದಾರೆ, ನೆರವು ಬೇಡ" ಎಂದು ಗೀಚಿಕೊಂಡು ಹೋದ.

ಅಕ್ಕನಿಗೆ ಮೈಯೆಲ್ಲ ಉರಿಯಿತು. ಕಚೇರಿಗೆ ಹೋಗಿ ಮೇಜು ಗುದ್ದಿದಳು. "ಅವರನ್ನ ಸ್ವಚ್ಛ ಮಾಡಿದ್ದೇ ನಾನು ಕಣ್ರೀ! ನಾನಿಲ್ದೆ ಹೇಗಿರ್ತಾರೆ ಅಂತ ನೋಡಿದೀರಾ?"

"ಶುಕ್ರವಾರ ಮತ್ತೆ ಬರ್ತಾರೆ, ತೋರಿಸಿ," ಎಂದ ಗುಮಾಸ್ತ, ತಲೆ ಕೂಡ ಎತ್ತದೆ.

ಸರಿ, ತೋರಿಸಬೇಕಾಯಿತು. ನಾಲ್ಕು ದಿನ ಅಕ್ಕ ತಿನ್ನಿಸಿದಳು, ಮಾತ್ರೆ ಕೊಟ್ಟಳು. ಸ್ನಾನ ಮಾಡಿಸಲಿಲ್ಲ, ಬಾಚಣಿಗೆ ಮುಟ್ಟಲಿಲ್ಲ. ಒಂದು ಹೊಲಿಗೆ ಡೊಂಕಾದರೂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ ಹೆಂಗಸು ಹಾಲು ಚೆಲ್ಲಿಕೊಂಡ ಬಟ್ಟೆಯಲ್ಲೇ ಕೂತಿದ್ದಳು.

"ನನ್ನ ಮೇಲೆ ಕೋಪಾನೇನೇ ಮಗಳೇ? ತಲೆ ಬಾಚು ಬಾರೇ."

"ಶುಕ್ರವಾರದ ತನಕ ತಡ್ಕೊಳ್ಳಿ ಅಜ್ಜಿ."

ಕಾರಣ ಹೇಳಿದರೂ ಅಜ್ಜಿ ಮರೆಯುತ್ತಿದ್ದಳು, ಮರುದಿನ ಮತ್ತೆ ಕೇಳುತ್ತಿದ್ದಳು. ಮೆಟ್ಟಿಲಿಳಿಯುವಾಗ ಅಕ್ಕ ಅತ್ತದ್ದುಂಟು.

ಶುಕ್ರವಾರ ಅಂಕ ಹಾಕುವವನು ಮೂಗು ಮುಚ್ಚಿಕೊಂಡು "ನೆರವು ಬೇಕು" ಎಂದು ಬರೆದ. ಆಮೇಲೆ ಇನ್ನೊಂದು ಹಾಳೆ ತೆಗೆದು ಅಕ್ಕನ ಕೈಗಿಟ್ಟ. ಆರೈಕೆಯಲ್ಲಿ ನಿರ್ಲಕ್ಷ್ಯ, ಮೂರು ದಿನದಲ್ಲಿ ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯುತ್ತಾರಂತೆ.

ಅಕ್ಕ ಅದನ್ನು ಹೊಲಿಗೆ ಯಂತ್ರದ ಮೇಲೆ ಬಿಸಾಕಿ ನೀರು ಕಾಯಲಿಟ್ಟಳು. "ನಿಲ್ಲಿ ಸ್ವಾಮಿ. ಐದು ನಿಮಿಷದಲ್ಲಿ ಬರೆದ್ರಲ್ಲ, ಇವರ ಒಂದು ತಲೆ ಬಾಚೋಕೆ ಎಷ್ಟು ಹೊತ್ತು ಬೇಕು ನೋಡ್ಕೊಂಡು ಹೋಗಿ."

ಅವನು ಗಡಿಯಾರ ನೋಡಿ ಮೆಟ್ಟಿಲಿಳಿದ.

ಸ್ನಾನವಾಯಿತು. ನಾಲ್ಕು ದಿನದ ಸಿಕ್ಕು. ಅಕ್ಕ ಎಳೆಎಳೆಯಾಗಿ ಬಿಡಿಸುತ್ತಾ ಕೂತಳು.

"ಕೋಪ ಹೋಯ್ತಾ ಮಗಳೇ?" ಎಂದಳು ಅಜ್ಜಿ.

"ನಿಮ್ಮ ಮೇಲೆ ಇರ್ಲೇ ಇಲ್ಲ ಅಜ್ಜಿ. ಯಾರ ಮೇಲಿದೆಯೋ ಅವರ ಮೇಲಿನದು ಹೋಗೋದೂ ಇಲ್ಲ."