ದಿನಾಂಕ ಬಿಟ್ಟು ಟೈಪ್ ಮಾಡಿದ ಕಾಗದ

ಟೈಪ್ ಮಾಡಿ ಬದುಕುವವರಿಗೆ ಒಂದು ಕೆಟ್ಟ ಚಟ ಇರುತ್ತದೆ. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಯಾರದೋ ಅರ್ಜಿ, ಯಾರದೋ ತಕರಾರು, ನಮಗೇನಾಗಬೇಕು? ಬರೆದುಕೊಟ್ಟಿದ್ದನ್ನು ಹಾಗೇ ಕುಟ್ಟಿ ಕೊಟ್ಟರೆ ಮುಗಿಯಿತು. ಆದರೆ ಆಗುವುದಿಲ್ಲ. ವಿಳಾಸ ತಪ್ಪಿದ್ದರೆ ತಿದ್ದುತ್ತೇವೆ, ಸರ್ವೆ ನಂಬರ್ ಬಿಟ್ಟುಹೋಗಿದ್ದರೆ ಕೇಳಿ ಹಾಕುತ್ತೇವೆ. ನಂಜನಗೂಡಿನ ಕೋರ್ಟಿನ ಎದುರಿಗೆ, ಶೀಟಿನ ಚಾವಣಿಯ ಕೆಳಗೆ, ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ ಅಷ್ಟೂ ವರ್ಷ ನಾನೂ ಹಾಗೇ ಇದ್ದೆ. ‘ಈ ಹುಡುಗಿಗೆ ಕೊಟ್ಟರೆ ಕಾಗದ ವಾಪಸ್ ಬರಲ್ಲ’ ಎಂದು ಲಾಯರುಗಳು ಹೊಗಳುತ್ತಿದ್ದರು. ಆ ಹೊಗಳಿಕೆ ತಲೆಗೇರಿತ್ತು. ನಾನು ಹಾಳಾಗಿದ್ದರೆ ಹೋಗಲಿ ಎನ್ನಬಹುದಿತ್ತು, ಹಾಳು ಮಾಡಿದ್ದು ನನ್ನ ಅಕ್ಕನನ್ನು.

ನಮ್ಮೂರು ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿ, ಕಪಿಲೆಯ ದಂಡೆಗಿದೆ. ಊರು ಎತ್ತರದಲ್ಲಿ, ನಮ್ಮ ಕೇರಿ ತಗ್ಗಿನಲ್ಲಿ. ಸತ್ತವರನ್ನು ಹೂಳಲು ಊರಿನವರಿಗೆ ಅವರವರ ಹೊಲಗಳಿದ್ದವು. ನಮಗೆ ಹೊಲವಿಲ್ಲ, ಹೊಳೆದಂಡೆ ಇತ್ತು. ಅವ್ವನನ್ನೂ ಅಲ್ಲೇ ಮಣ್ಣು ಮಾಡಿದ್ದೆವು. ಒಂದು ಮಳೆಗಾಲದಲ್ಲಿ ಮೇಲೆ ಅಣೆಕಟ್ಟೆಯ ಗೇಟು ತೆಗೆದರು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಸಮಾಧಿಗಳಿದ್ದ ದಂಡೆಯೇ ಕುಸಿದು ಹೋಗಿತ್ತು. ಮಾರ್ಲಮಿ ಹಬ್ಬಕ್ಕೆ ಹಿರಿಯರ ಸಮಾಧಿಗೆ ಹಾಲು ಬಿಡುವುದು ನಮ್ಮ ಮನೆಯ ಪದ್ಧತಿ. ಅಕ್ಕ ಹಾಲಿನ ಚೊಂಬು ಹಿಡಿದುಕೊಂಡು ಆ ಕೆಸರಿನಲ್ಲಿ ಅತ್ತಿಂದಿತ್ತ ನಡೆದಾಡಿದಳು. ಎಲ್ಲಿ ಬಿಡುವುದು?

“ಅವ್ವ ಸಂಗಮಕ್ಕೆ ಓದ್ಲು ಕಣಮ್ಮಿ,” ಎಂದಳು ಕೊನೆಗೆ. “ದೊಡ್ಡೋರು ಬೂದಿ ಬುಡಕ್ಕೆ ಕಾರ್ ಮಾಡ್ಕಂಡು ನರಸೀಪುರಕ್ಕೆ ಓಯ್ತರೆ. ನಮ್ಮವ್ವ ತಾನೇ ಓದ್ಲು.”

ನಗಲು ನೋಡಿದಳು, ಆಗಲಿಲ್ಲ. ಚೊಂಬಿನ ಹಾಲನ್ನು ಹೊಳೆಗೇ ಸುರಿದು ಮನೆಗೆ ಬಂದಳು. ಅವತ್ತಿನಿಂದ ಅವಳಿಗೆ ಒಂದೇ ಹಟ. ಕೇರಿಯ ಸತ್ತವರಿಗೆ ನೀರು ಬಾರದ ಕಡೆ ಒಂದಿಷ್ಟು ನೆಲ ಬೇಕು.

ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಕೂಲಿ ಮಾಡಿ ನನ್ನನ್ನು ಟೈಪಿಂಗ್ ಪರೀಕ್ಷೆಯವರೆಗೆ ಓದಿಸಿದವಳು. ಎರಡು ಸಾವಿರದ ಇಸವಿಯ ಆಸುಪಾಸಿನ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಅವಳನ್ನು ಮೆಂಬರ್ ಮಾಡಿದರು. ನಮ್ಮ ಪಂಚಾಯ್ತಿಯ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲಾಗಿ ಬಂತು. ಊರಿನ ಯಜಮಾನನಿಗೆ, ಎಂದರೆ ಹೆಚ್ಚು ಜಮೀನಿದ್ದ, ಮೂರು ಎಲೆಕ್ಷನ್ನಿನಿಂದ ಪಂಚಾಯ್ತಿಯನ್ನು ಕೈಯಲ್ಲಿಟ್ಟುಕೊಂಡಿದ್ದ ಮನುಷ್ಯನಿಗೆ, ಈ ಸಲ ಉಪಾಧ್ಯಕ್ಷಗಿರಿಯೇ ಗತಿ. ಆ ಕುರ್ಚಿಯಲ್ಲಿ ಕೂರಿಸಲು ಬಾಯಿಲ್ಲದ ಹೆಂಗಸನ್ನು ಹುಡುಕಿದ. ನಮ್ಮಕ್ಕನಿಗೆ ಬಾಯಿಲ್ಲ ಎಂದುಕೊಂಡ. ಅಯ್ಯೋ ಪುಣ್ಯಾತ್ಮ, ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಮೀಸಲಿಗೆ ಸಲ್ಲುವ ಹೆಂಗಸರು ಇಬ್ಬರಿದ್ದರು, ಅಕ್ಕ ಮತ್ತು ಪಕ್ಕದ ಊರಿನ ಒಬ್ಬಾಕೆ. ಅರ್ಧ ಅವಧಿ ಅಕ್ಕ, ಉಳಿದರ್ಧ ಆಕೆ ಎಂದು ಯಜಮಾನನ ಜಗಲಿಯಲ್ಲಿ ಮಾತಾಯಿತು. ಇಂಥ ಮಾತಿಗೆ ಆಗ ಎಲ್ಲ ಕಡೆಯೂ ಒಂದು ರಿವಾಜಿತ್ತು. ಕುರ್ಚಿಯಲ್ಲಿ ಕೂರುವ ಮೊದಲೇ ರಾಜೀನಾಮೆ ಪತ್ರಕ್ಕೆ ಸೈನು ಹಾಕಿ, ದಿನಾಂಕದ ಜಾಗ ಖಾಲಿ ಬಿಟ್ಟು, ಊರಿನ ದೊಡ್ಡವರ ಕೈಗೆ ಕೊಡಬೇಕು. ನಂಬಿಕೆಗೆ ಅದು ಗುರುತಂತೆ.

ಒಂದು ಮಧ್ಯಾಹ್ನ ಯಜಮಾನ ಅಕ್ಕನನ್ನು ಕರೆದುಕೊಂಡು ನನ್ನ ಟೈಪ್‌ರೈಟರ್ ಹತ್ತಿರವೇ ಬಂದ. ಬೇರೆಯವರ ಹತ್ತಿರ ಟೈಪ್ ಮಾಡಿಸಿದರೆ ಸುದ್ದಿ ಹರಡುತ್ತದೆ ಎಂದು. ಜೇಬಿನಿಂದ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದ ಒಂದು ಚೀಟಿ ತೆಗೆದ. ‘ಪಂಚಾಯ್ತಿ ಕಾರ್ಯದರ್ಶಿಯವರಿಗೆ’ ಎಂದು ಶುರುವಾಗಿತ್ತು.

ನಾನು ಓದಿ ನಕ್ಕುಬಿಟ್ಟೆ. ಆ ನಗುವಿಗಿಷ್ಟು ಬೆಂಕಿ ಹಾಕ.

“ಇದು ನಡೆಯಲ್ಲ,” ಎಂದೆ. “ಅಧ್ಯಕ್ಷರು ರಾಜೀನಾಮೆ ಕೊಡೋದಾದ್ರೆ ಎ.ಸಿ. ಸಾಹೇಬ್ರಿಗೆ ಬರೀಬೇಕು. ಕಾರ್ಯದರ್ಶಿಗೆ ಕೊಟ್ರೆ ಅದು ಬರೀ ಕಾಗ್ದ, ಬೆಲೆ ಇಲ್ಲ.”

ಯಜಮಾನ ಅಕ್ಕನ ಕಡೆ ತಿರುಗಿದ. “ನೋಡವ್ವಾ, ನಿನ್ ತಂಗಿ ಎಷ್ಟ್ ತಿಳ್ಕಂಡವ್ಳೆ! ಲಾಯರ್‌ಗೂ ಇಷ್ಟ್ ಗೊತ್ತಿರಲ್ಲ ಕಣವ್ವಾ.”

ಅಕ್ಕನ ಮುಖ ಅರಳಿತು. ಅದನ್ನು ನೋಡಿ ನಾನು ಇನ್ನಷ್ಟು ಉಬ್ಬಿದೆ. ವಿಳಾಸ ಬದಲಿಸಿದೆ. ‘ಯಾರ ಒತ್ತಡವೂ ಇಲ್ಲದೆ, ಸ್ವಇಚ್ಛೆಯಿಂದ’ ಎಂಬ ಮಾತು ಚೀಟಿಯಲ್ಲಿ ಇರಲಿಲ್ಲ, ಅದನ್ನೂ ಸೇರಿಸಿದೆ. ಎಷ್ಟೋ ರಾಜೀನಾಮೆ ಟೈಪ್ ಮಾಡಿದ್ದ ಕೈ, ತಾನಾಗಿಯೇ ಹೊಡೆಯಿತು. ದಿನಾಂಕ ಎಷ್ಟು ಹಾಕಲಿ ಎಂದು ಕೇಳಿದಾಗ ಯಜಮಾನ, “ಅದೊಂದ ಬುಡವ್ವ, ಆಮೇಲೆ ಆಕ್ಕಂಡ್ರಾಯ್ತು,” ಎಂದ. ‘ದಿನಾಂಕ’ದ ಮುಂದೆ ಚುಕ್ಕಿಗಳ ಒಂದು ಸಾಲು ಹೊಡೆದೆ.

ಅಕ್ಕ ಸೈನು ಹಾಕಿದಳು. ಸೈನು ಕಲಿಸಿದವಳೂ ನಾನೇ, ಕೆಟ್ಟ ಟೈಪಿಂಗ್ ಹಾಳೆಗಳ ಹಿಂದೆ ಬರೆಸಿ ಬರೆಸಿ. ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂರಿಸುತ್ತ ಬರೆದಳು. ಯಜಮಾನ ಮಡಿಚಿ ಜೇಬಿಗಿಟ್ಟುಕೊಂಡ. ರೂಢಿಯಂತೆ ಕಾರ್ಬನ್ ಇಟ್ಟಿದ್ದೆ, ನಕಲನ್ನು ನನ್ನ ಫೈಲಿಗೆ ಸೇರಿಸಿದೆ.

ಅಕ್ಕ ಅಧ್ಯಕ್ಷೆಯಾದಳು. ಮೊದಮೊದಲು ಕುರ್ಚಿಯ ಅಂಚಿಗೆ ಕೂರುತ್ತಿದ್ದಳಂತೆ. ಯಜಮಾನನನ್ನು ಮೊದಲಿನ ಹಾಗೇ ‘ಬುದ್ಧೀ’ ಎಂದೇ ಕರೆಯುತ್ತಿದ್ದಳು. ಎರಡು ಬೀದಿದೀಪ, ಒಂದು ಕೈಪಂಪು, ಅಂಗನವಾಡಿಗೆ ಬಾಗಿಲು, ಇಂಥವಕ್ಕೆಲ್ಲ ಅವನು ತಲೆಯಾಡಿಸಿದ. ಅವಳು ಕಾಯುತ್ತಿದ್ದುದು ಬೇರೆಯದಕ್ಕೆ. ಊರಾಚೆ ಎತ್ತರದಲ್ಲಿ ಎರಡೆಕರೆ ಗೋಮಾಳವಿತ್ತು, ಸರ್ಕಾರದ ನೆಲ. ಯಜಮಾನನ ಭಾಮೈದ ಅದರಲ್ಲಿ ಹುರುಳಿ ಬಿತ್ತುತ್ತಿದ್ದ. ಆ ನೆಲವನ್ನು ಕೇರಿಯ ಸ್ಮಶಾನಕ್ಕೆ ಬಿಡಿಸಿಕೊಡಬೇಕೆಂದು ಪಂಚಾಯ್ತಿ ಠರಾವು ಮಾಡಿ ಕಳಿಸಬೇಕು, ಅದು ಅಕ್ಕನ ಆಸೆ.

ಒಂದು ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಿಯೇಬಿಟ್ಟಳು. ಯಜಮಾನ, “ಈಗ ಸತ್ತೋರ್ ಇಚಾರ ಯಾಕವ್ವಾ?” ಎಂದನಂತೆ.

“ಸತ್ತೋರ್ಗೆ ಓಟಿಲ್ಲ ಅಂತ್ಲಾ, ಬುದ್ಧೀ?” ಎಂದಳಂತೆ ಅಕ್ಕ.

ಮುಂದಿನ ಮೀಟಿಂಗಿಗೆ ಈ ವಿಷಯ ಇಡಲೇಬೇಕು ಎಂದು ಅಕ್ಕ ಕಾರ್ಯದರ್ಶಿಗೆ ಹೇಳಿ ಬಂದಳು. ಠರಾವಿನ ಕರಡನ್ನು ನಾನೇ ಟೈಪ್ ಮಾಡಿಕೊಟ್ಟೆ. ಇವತ್ತಿಗೂ ಅಷ್ಟು ಖುಷಿಯಿಂದ ಮತ್ತೊಂದು ಕಾಗದ ಟೈಪ್ ಮಾಡಿಲ್ಲ.

ಆ ಮೀಟಿಂಗಿನ ದಿನ ಅಕ್ಕ ಹೊಸ ಸೀರೆ ಉಟ್ಟು ಪಂಚಾಯ್ತಿ ಆಫೀಸಿಗೆ ಹೋದರೆ, ಕಾರ್ಯದರ್ಶಿ ಬಾಗಿಲಲ್ಲೇ ತಡೆದ. “ನೀವು ರಾಜೀನಾಮೆ ಕೊಟ್ಟು ಹನ್ನೆರಡು ದಿನ ಆಯ್ತಲ್ಲಮ್ಮ,” ಎಂದ. ಒಪ್ಪಂದದ ಅರ್ಧ ಅವಧಿ ಮುಗಿಯಲು ಇನ್ನೂ ಆರು ತಿಂಗಳಿತ್ತು.

ಕೊಟ್ಟ ರಾಜೀನಾಮೆ ವಾಪಸ್ ತೆಗೆದುಕೊಳ್ಳಲು ಕಾನೂನು ಹತ್ತು ದಿನ ಕೊಡುತ್ತದೆ. ಸಿಟ್ಟಿನಲ್ಲೋ ದುಡುಕಿಯೋ ಕೊಟ್ಟವರು ಯೋಚನೆ ಮಾಡಲಿ ಎಂದು. ಒಳ್ಳೆಯ ಕಾನೂನೇ. ಆದರೆ ತಾನು ರಾಜೀನಾಮೆ ಕೊಟ್ಟಿದ್ದೇನೆ ಎಂದೇ ಗೊತ್ತಿಲ್ಲದವಳು ವಾಪಸ್ ತೆಗೆದುಕೊಳ್ಳುವುದು ಹೇಗೆ? ಹೆಂಗಸರು ಕುರ್ಚಿಯಲ್ಲಿ ಕೂರಲಿ ಎಂದು ಕಾನೂನು ಬಂತು, ಅದರ ಬೆನ್ನಿಗೇ ಸೈನು ಮಾಡಿದ ಖಾಲಿ ದಿನಾಂಕದ ರಾಜಕೀಯ ಬಂತು. ಆ ರಾಜಕೀಯಕ್ಕೆ ಕಾನೂನಿನ ಹತ್ತು ದಿನವೇ ಅನುಕೂಲವಾಯಿತು. ಕೋರ್ಟಿನ ಎದುರು ಅಷ್ಟು ವರ್ಷ ಕೂತು, ಎರಡನ್ನೂ ದಿನಾ ನೋಡುತ್ತಿದ್ದ ನನಗೆ ನನ್ನ ಮನೆಗೆ ಬರುವವರೆಗೆ ಇದು ಹೊಳೆಯಲಿಲ್ಲ.

ಅಕ್ಕ ಬಸ್ಸು ಹತ್ತಿ ನೇರ ನನ್ನ ಹತ್ತಿರ ಬಂದಳು. ನಾನು ಎ.ಸಿ. ಕಚೇರಿಗೆ ಓಡಿ ಆ ಪತ್ರ ನೋಡಿ ಬಂದೆ. ಚುಕ್ಕಿಗಳ ಸಾಲಿನ ಮೇಲೆ ನೀಲಿ ಪೆನ್ನಿನಲ್ಲಿ ದಿನಾಂಕ ತುಂಬಿತ್ತು. ಹೇಳಿದೆ. ಅವಳು ಸ್ಟೂಲಿನ ಮೇಲೆ ಕೂತು ನನ್ನ ಮಿಷನ್ನಿನ ಕಡೆ ನೋಡಿದಳು.

“ಅಮ್ಮಿ, ಆ ಕಾಗ್ದನ ಅವ್ರು ಬರ್ಕಂಡ್ ಬಂದಂಗೇ ಬುಟ್ಟಿದ್ರೆ ನಡೀತಿತ್ತಾ?”

ಸುಳ್ಳು ಹೇಳಬಹುದಿತ್ತು. “ಇಲ್ಲ ಕಣಕ್ಕ,” ಎಂದೆ. “ನಡೀತಿರ್ಲಿಲ್ಲ.”

ಅಷ್ಟೇ. ಮತ್ತೆ ಆ ಮಾತನ್ನು ಅವಳು ಎತ್ತಲೇ ಇಲ್ಲ. ಒಂದು ಸಲ ಬಾಯಿಗೆ ಬಂದ ಹಾಗೆ ಬೈದಿದ್ದರೆ, ಕೆನ್ನೆಗೆ ಎರಡು ಬಾರಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಟೈಪ್ ಮಾಡಿಕೊಡುತ್ತಿದ್ದ ವಯಸ್ಸಾದ ಲಾಯರೊಬ್ಬರು ಕಾರ್ಬನ್ ನಕಲು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ನಕಲಿನಲ್ಲಿ ದಿನಾಂಕವಿಲ್ಲ, ಅಸಲಿನಲ್ಲಿ ಬೇರೆ ಕೈಯ ದಿನಾಂಕ. ಇದಕ್ಕಿಂತ ಸಾಕ್ಷಿ ಬೇಕೇನಮ್ಮ ಎಂದರು. ಟೈಪ್ ಮಾಡಿದವಳು ನಾನೇ ಎಂದು ಅಫಿಡವಿಟ್ ಕೊಟ್ಟೆ. ಅದನ್ನು ಟೈಪ್ ಮಾಡಿದ್ದೂ ನಾನೇ. ಕೇಸು ಮೇಲಿನ ಕೋರ್ಟಿಗೆ ಹೋಯಿತು. ಪಕ್ಕದ ಊರಿನಾಕೆ ಕುರ್ಚಿಯಲ್ಲಿ ಕೂತಳು, ಪಾಪ, ಅವಳ ಸೈನು ಮಾಡಿದ ಕಾಗದವೂ ಅದೇ ಜೇಬಿನಲ್ಲಿತ್ತು. ಸ್ಮಶಾನದ ಮಾತು ಮತ್ತೆ ಯಾವ ಮೀಟಿಂಗಿಗೂ ಬರಲಿಲ್ಲ. ಕೇಸಿಗೆ ವಾಯಿದೆ ಮೇಲೆ ವಾಯಿದೆ. ಕೊನೆಗೆ ಆರ್ಡರ್ ಬಂದಾಗ ಅಧ್ಯಕ್ಷಾವಧಿಯೇ ಮುಗಿದು, ಮೀಸಲು ಬೇರೆಯವರಿಗೆ ಹೋಗಿತ್ತು.

“ಗೆದ್ದೋ, ಸೋತೋ?” ಎಂದು ಕೇಳಿದಳು ಅಕ್ಕ.

“ಎರಡೂ ಅಲ್ಲ ಕಣಕ್ಕ. ಅವಧಿ ಮುಗುದೋಯ್ತಲ್ಲ, ಇನ್ನು ತೀರ್ಮಾನ ಮಾಡಕ್ಕೆ ಏನೂ ಉಳಿದಿಲ್ಲ ಅಂದವ್ರೆ.”

“ಯಾರ್ಗೆ ಉಳಿದಿಲ್ಲ?” ಎಂದಳು.

ಆ ವರ್ಷವೇ ನಾನು ಮಿಷನ್ ಎತ್ತಿಕೊಂಡು ತಿ. ನರಸೀಪುರಕ್ಕೆ ಬಂದುಬಿಟ್ಟೆ. ನಂಜನಗೂಡಿನ ಕೋರ್ಟಿನ ಎದುರು ಯಜಮಾನನ ಕಡೆಯವರು ಓಡಾಡುವಾಗ, ‘ನಮ್ದೊಂದು ರಾಜೀನಾಮೆ ಟೈಪ್ ಮಾಡ್ಕೊಡವ್ವಾ’ ಎಂದು ನಗುತ್ತಿದ್ದರು. ಸಹಿಸಲಾಗಲಿಲ್ಲ. ಅಕ್ಕ ಮತ್ತೆ ಕೂಲಿಗೆ ಹೋದಳು.

ಕೆಲವು ವರ್ಷಗಳ ಮೇಲೆ ಅಕ್ಕ ಸತ್ತಳು, ಜ್ವರ ಬಂದು, ನಾಲ್ಕೇ ದಿನಕ್ಕೆ. ಸುರಿಯುವ ಮಳೆಗಾಲ, ಕಪಿಲೆ ಕೇರಿಯ ಕೊನೆಯ ಮನೆಯವರೆಗೂ ಬಂದಿದ್ದಳು. ಹೂಳಲು ದಂಡೆಯೇ ಇರಲಿಲ್ಲ. ಕೇರಿಯವರು ಯಾರನ್ನೂ ಕೇಳದೆ ಚಟ್ಟವನ್ನು ಗೋಮಾಳಕ್ಕೆ ಹೊತ್ತು ನಡೆದರು. ಯಜಮಾನನ ಭಾಮೈದ ಅಡ್ಡ ನಿಂತ. ಪೊಲೀಸರು ಬಂದರು, ತಾಲೂಕು ಕಚೇರಿಯವರು ಬಂದರು. “ಠರಾವು ಇದ್ಯಾ? ಆರ್ಡರ್ ಇದ್ಯಾ?” ಎಂದರು. ಅಕ್ಕನ ಹೆಣ ಮಳೆಯಲ್ಲಿ ನೆನೆಯುತ್ತಿತ್ತು. ನಾನು ಯಾರದೋ ನೋಟ್‌ಬುಕ್ಕಿನ ಹಾಳೆ ಹರಿದು, ಕೊಡೆಯ ಕೆಳಗೆ ಕೂತು, ತಹಸೀಲ್ದಾರರಿಗೆ ಅರ್ಜಿ ಬರೆಯತೊಡಗಿದೆ. ಮೊದಲು ದಿನಾಂಕ ಹಾಕಿದೆ.

ಅಷ್ಟರಲ್ಲಿ ಯಜಮಾನ ಬಂದ. ಎಲೆಕ್ಷನ್ ಹತ್ತಿರವಿತ್ತು, ಈ ಸಲ ತಾಲೂಕು ಪಂಚಾಯ್ತಿಗೆ ನಿಂತಿದ್ದ. ಸುತ್ತ ನಿಂತಿದ್ದ ಕೇರಿಯ ಜನರನ್ನು ಒಂದು ಸಲ ನೋಡಿದ. ಮೊಬೈಲ್ ತೆಗೆದು ಆಚೆ ಹೋಗಿ ಯಾರೊಂದಿಗೋ ಮಾತಾಡಿದ. ಹತ್ತು ನಿಮಿಷ ಆಗಿರಲಿಕ್ಕಿಲ್ಲ. ಅಕ್ಕ ವರ್ಷಗಟ್ಟಲೆ ಬಡಿದಾಡಿದ ನೆಲಕ್ಕೆ ಒಂದು ಫೋನಿನಲ್ಲಿ ಒಪ್ಪಿಗೆ ಬಂತು.

“ಇದೊಂದ್ ಎಣಕ್ಕೆ ಮಾತ್ರ ಬುಟ್ಟವ್ರೆ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನನ್ನ ಕೈಯಲ್ಲಿದ್ದ ಅರ್ಜಿ ನೋಡಿ, “ಕಾಗ್ದ ಯಾಕವ್ವಾ? ನಾನಿಲ್ವಾ?” ಎಂದ.

ಆ ಕ್ಷಣ ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ಅಕ್ಕನನ್ನು ಇಳಿಸಬೇಕಾಗಿತ್ತು. ಅವನೂ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದ, ಕೈ ಮುಗಿದ.

ಅದಾದ ಮೇಲೆ ಸತ್ತವರೆಲ್ಲ ಮತ್ತೆ ಹೊಳೆದಂಡೆಗೇ ಹೋದರು. ಅರ್ಜಿ ಕೊಡುತ್ತಲೇ ಇದ್ದೇನೆ, ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಆ ಎರಡೆಕರೆಯಲ್ಲಿ ಅಕ್ಕ ಒಬ್ಬಳೇ, ಸುತ್ತ ಹುರುಳಿ.

ಅಕ್ಕ ಹೋದ ಮೇಲಿನ ಮೊದಲ ಮಾರ್ಲಮಿಗೆ ಹಾಲಿನ ಚೊಂಬು ಹಿಡಿದು ನಾನೊಬ್ಬಳೇ ಹೋದೆ. ಸ್ವಲ್ಪ ಹೊತ್ತಿಗೆ ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ಕೇರಿಯ ಹೆಂಗಸರು, ಏಳೆಂಟು ಜನ, ಒಬ್ಬೊಬ್ಬರ ಕೈಯಲ್ಲೂ ಚೊಂಬು. ಅಕ್ಕನಿಗೆ ಹಾಲು ಬಿಡಲು ಬಂದಿದ್ದಾರೆ ಎಂದುಕೊಂಡೆ. ಮುಂದೆ ಬಂದ ಮುದುಕಿ ಅಕ್ಕನ ಮಣ್ಣಿನ ಮೇಲೆ ಹಾಲು ಸುರಿಯುತ್ತ, ವರ್ಷಗಳ ಹಿಂದೆ ಸತ್ತ ತನ್ನ ಮಗನ ಹೆಸರು ಹೇಳಿದಳು. ಅವನ ಸಮಾಧಿ ಹೊಳೆಯಲ್ಲಿ ಹೋಗಿತ್ತು. ಇನ್ನೊಬ್ಬಳು ಗಂಡನ ಹೆಸರು ಹೇಳಿದಳು, ಮತ್ತೊಬ್ಬಳು ಅತ್ತೆಯದು.

“ಇನ್ನೆಲ್ ಬುಡಮ ಅಮ್ಮಿ,” ಎಂದಳು ಮುದುಕಿ ನನ್ನ ಕಡೆ ನೋಡಿ. “ಉಳ್ಕಂಡಿರದು ಇದೊಂದೇಯಾ.”

ನಾನು ಚೊಂಬು ಬಗ್ಗಿಸಿದೆ. ಅವ್ವನ ಹೆಸರು ಹೇಳಿ ಅರ್ಧ ಬಿಟ್ಟೆ, ಉಳಿದದ್ದನ್ನು ಅಕ್ಕನಿಗೆ ಬಿಟ್ಟೆ.