ಎರಡು ಬಲ ತೋಳಿನ ಅಂಗಿ

ನಾನು ಕತ್ತರಿಸಿದ ಎರಡೂ ತೋಳು ಬಲಗೈಗೇ ಆಗಿದ್ದವು. ಒಂದನ್ನು ತಿರುಗಿಸಿ ಎಡಗಡೆ ಇಟ್ಟೆ, ಬಟ್ಟೆಯ ಒಳಮೈ ಹೊರಗೆ ಬಂತು. ಮತ್ತೆ ತಿರುಗಿಸಿದೆ, ಮುಂದಿನ ಬಾಗು ಹಿಂದೆ ಹೋಯಿತು. ಕತ್ತರಿ ಎಸೆದೆ.

ಕೆಳಗಿನ ಮನೆಯ ಓನರ್ ಆಂಟಿ ನಕ್ಕರು. ಅವರ ನಡುಮನೆಯಲ್ಲೇ, ಅವರ ಹಳೇ ಕಾಲು ಮೆಷಿನ್ನಿನ ಮುಂದೆ ಕೂತಿದ್ದೆ.

“ಏನಪ್ಪಾ, ಗಾರ್ಮೆಂಟ್ಸಲ್ಲಿ ಇದೀನಿ ಅಂತೀಯ, ಒಂದು ಶರ್ಟ್ ಕಟಿಂಗ್ ಬರಲ್ವಾ?”

“ಬರಂಗಿಲ್ಲ ಆಂಟಿ. ನಂದು ಬರೇ ಬಲ ತೋಳು ಕೂಡ್ಸೋದು.”

ಊರಲ್ಲಿರುವವರಿಗೆ ಇದು ಗೊತ್ತಿಲ್ಲ. ನಮ್ಮ ಸಿಂಧನೂರು ಕಡೆ ಟೈಲರ್ ಅಂದರೆ ಅಳೆಯುವವನೂ ಅವನೇ, ಕತ್ತರಿಸುವವನೂ ಅವನೇ, ಗುಂಡಿ ಹಚ್ಚುವವನೂ ಅವನೇ. ಇಲ್ಲಿ ಬನಶಂಕರಿ ಕಡೆಯ ಫ್ಯಾಕ್ಟರಿಯಲ್ಲಿ ಸಾಲಾಗಿ ಕೂರಿಸುತ್ತಾರೆ, ಅದಕ್ಕೆ ಲೈನ್ ಅನ್ನುತ್ತಾರೆ. ಒಬ್ಬ ಕಾಲರ್, ಒಬ್ಬಳು ಜೇಬು, ನಾನು ಬಲ ತೋಳು, ನನ್ನ ಪಕ್ಕದವಳು ಎಡ ತೋಳು. ಪೂರ್ತಿ ಅಂಗಿ ನಾನು ಹೊಲಿದೇ ಇಲ್ಲ.

ಆದರೆ ಅವ್ವ “ನನ್ನ ಮಗ ಬೆಂಗ್ಳೂರಾಗ ಟೈಲರ್” ಅಂತ ಊರಿಗೆಲ್ಲ ಹೇಳಿದ್ದಳು. ಅಕ್ಕನ ಮಗನ ಜವಳ ಇತ್ತು. ಕೂದಲು ತೆಗೆಯುವಾಗ ಸೋದರಮಾವ ನಾನೇ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಬೇಕು. “ನೀನೇ ಹೊಲ್ದ ಅಂಗಿ ಹಾಕ್ಕೊಂಡು ಬಾ, ಮಂದಿ ನೋಡ್ಲಿ” ಅಂದಳು. ನಾನು ಹೂಂ ಅಂದುಬಿಟ್ಟೆ.

ಕಾಲು ಮೆಷಿನ್ ಕೂಡ ನನಗೆ ಬರುತ್ತಿರಲಿಲ್ಲ. ಫ್ಯಾಕ್ಟರಿಯದು ಕರೆಂಟಿನದು, ಕಾಲಿಟ್ಟರೆ ಓಡುತ್ತದೆ. ಇದು ತುಳಿದರೆ ಹಿಂದಕ್ಕೆ ತಿರುಗಿ ದಾರ ಹರಿಯುತ್ತಿತ್ತು.

“ಅಳತೆ ಎಲ್ಲಿಂದ ತಗೊಂಡೆ?” ಆಂಟಿ ಕೇಳಿದರು.

ಊರಿನ ಅಂಗಿ ತೋರಿಸಿದೆ. ಬೆಳೆಯುವ ಹುಡುಗ ಅಂತ ನಮ್ಮ ಟೈಲರ್ ದೊಡ್ಡದಾಗಿ ಹೊಲಿದದ್ದು.

“ಇದು ಗೋಣಿಚೀಲ ಕಣೋ! ಫಿಟಿಂಗ್ ಬೇಕಂದ್ರೆ ಮೈ ಅಳೀಬೇಕು. ರೀ, ಬನ್ರೀ ಇಲ್ಲಿ, ಟೇಪ್ ಹಿಡ್ಕೊಳ್ರಿ.”

ರಿಟೈರ್ ಆಗಿರುವ ಅಂಕಲ್ ಪೇಪರ್ ಮಡಿಸಿ ಬಂದರು. “ಬಗ್ಗಬೇಡ, ನೆಟ್ಟಗೆ ನಿಂತ್ಕೋ. ಏನಯ್ಯಾ, ಊಟ ಮಾಡ್ತೀಯೋ ಇಲ್ವೋ?”

ತನ್ನ ಬೆನ್ನನ್ನು ತಾನೇ ಅಳೆದುಕೊಳ್ಳಲು ಆಗುವುದಿಲ್ಲ. ಇಲ್ಲಿಗೆ ಬಂದಮೇಲೆ ನನ್ನ ಬೆನ್ನು ಮುಟ್ಟಿದವರು ಬಸ್ಸಿನಲ್ಲಿ ತಳ್ಳುವವರು ಮಾತ್ರ. ಅವತ್ತು ಅಂಕಲ್.

ದೊಡ್ಡದಾಗಿ ಕತ್ತರಿಸಿದ್ದೇ ಒಳ್ಳೆಯದಾಯಿತು. ಎಲ್ಲವನ್ನೂ ಮೈಯಳತೆಗೆ ಇಳಿಸಿದೆ. ಉದ್ದ ತೋಳುಗಳನ್ನು ಎದುರುಬದುರು ಇಟ್ಟು, ಮೇಲ್ಭಾಗ ಹೊಸದಾಗಿ ಕತ್ತರಿಸಿ, ಎಡಕ್ಕೊಂದು ಬಲಕ್ಕೊಂದು ಅರ್ಧ ತೋಳು ಮಾಡಿದೆ. ಆಂಟಿ ಹೇಳಿಕೊಟ್ಟ ಹಾಗೆ ಮೆಷಿನ್ ತುಳಿದು ಹೊಲಿದೆ.

“ಒಳಗೆ ಸ್ವಲ್ಪ ಬಟ್ಟೆ ಬಿಡೋ, ಬಿಗಿಯಾದ್ರೆ ಆಮೇಲೆ ಬಿಚ್ಚಿ ದೊಡ್ಡದು ಮಾಡ್ಕೋಬೋದು” ಅಂದರು ಆಂಟಿ. ಊರಲ್ಲೂ ಹಾಗೇ ಬಿಡುತ್ತಾರೆ. ಫ್ಯಾಕ್ಟರಿಯಲ್ಲಿ ಬಿಡುವುದಿಲ್ಲ. ನನಗೆ ಫ್ಯಾಕ್ಟರಿಯ ಅಭ್ಯಾಸ, ಹೊಲಿಗೆಯ ಪಕ್ಕಕ್ಕೇ ಕತ್ತರಿಸಿಬಿಟ್ಟೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಎಲ್ಲೂ ಸುಕ್ಕಿಲ್ಲ.

ಜವಳದ ದಿನ ಅವ್ವ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ತೋರಿಸಿದಳು. ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಕತ್ತರಿ ಕಂಡ ಮಗು ಚೀರಿ ಒದ್ದಾಡಿತು. ಬಿಗಿಯಾಗಿ ತಬ್ಬಿದೆ. ಎಡ ತೋಳು ಹೆಗಲ ಹತ್ತಿರ ಪರ್ರನೆ ಹರಿಯಿತು.

“ಏನಪಾ ಟೈಲರ್, ಗಾಳಿಗೆ ಕಿಡಕಿ ಇಟ್ಟೀಯೇನು?” ಅಂದ ಭಾವ. ಎಲ್ಲರೂ ನಕ್ಕರು, ಅವ್ವ ನಗಲಿಲ್ಲ. ಟ್ರಂಕಿನಿಂದ ಅದೇ ಊರ ಟೈಲರ್ ಹೊಲಿದ ಇನ್ನೊಂದು ಅಂಗಿ ತಂದುಕೊಟ್ಟಳು. ಅದರೊಳಗೆ ನನ್ನಂಥವನು ಇನ್ನೊಬ್ಬ ಹಿಡಿಸುತ್ತಿದ್ದ. ಫೋಟೋದಲ್ಲಿ ಅದೇ ಇದೆ.

ಮಂದಿ ಹೋದಮೇಲೆ ಅವ್ವ ಕೇಳಿದಳು. “ಖರೆ ಹೇಳು, ನಿನಗ ಅಲ್ಲಿ ಏನ್ ಕೆಲಸ?”

“ಬಲ ತೋಳು ಹಚ್ಚೋದು, ಯವ್ವಾ. ಅಷ್ಟ.”

ಹರಿದ ಅಂಗಿ ಎತ್ತಿ ಬಲ ತೋಳನ್ನು ಜಗ್ಗಿ ನೋಡಿದಳು. ಇನ್ನೂ ಜೋರಾಗಿ ಜಗ್ಗಿದಳು. ಹೊಲಿಗೆ ಬಿಡಲಿಲ್ಲ.

“ಇದು ಗಟ್ಟಿ ಐತಿ” ಅಂದಳು. ಸೂಜಿ ತಂದು ಎಡದ್ದನ್ನು ತಾನೇ ಹೊಲಿದಳು.

ಈಗ ಬೆಂಗಳೂರಲ್ಲಿದ್ದೇನೆ. ನನ್ನನ್ನು ಎಡ ತೋಳಿನ ಕೆಲಸಕ್ಕೆ ಹಾಕಿ ಅಂತ ಸೂಪರ್‌ವೈಸರ್‌ಗೆ ಕೇಳಿದ್ದೇನೆ, ನೋಡೋಣ ಅಂದಿದ್ದಾರೆ. ನಾನು ಹೊಲಿದ ಅಂಗಿ ಹಾಕಿಕೊಂಡು ಇಲ್ಲಿ ನಿಂತರೆ ಸರಿಯಾಗಿರುತ್ತದೆ. ಊರಲ್ಲಿ ನೆಲಕ್ಕೆ ಕೂತರೆ ಹರಿಯುತ್ತದೆ. ಊರಿನ ಅಂಗಿ ಇಲ್ಲೂ ದೊಡ್ಡದು, ಅಲ್ಲೂ ದೊಡ್ಡದು.